ಅವರೆ ಹಿತುಕಿದ ಸಂಜೆ ನಕ್ಕವರು

ಅವರೆಕಾಯಿ ಕಾಲ ಬಂತೆಂದರೆ ಒಂಟಿ ಮನುಷ್ಯ ಒಂಟಿ ಅನ್ನುವುದು ಬೀದಿಗೆಲ್ಲ ಗೊತ್ತಾಗಿಬಿಡುತ್ತದೆ. ಬೇರೆ ತರಕಾರಿಯ ಮಾತು ಬೇರೆ. ಒಂದು ಬದನೆಕಾಯಿ, ಒಂದು ನುಗ್ಗೆಕಾಯಿ ತಂದು ಸದ್ದಿಲ್ಲದೆ ಸಾರು ಕುದಿಸಿಕೊಂಡು ಉಂಡರೆ ಯಾರು ಕೇಳುತ್ತಾರೆ? ಅವರೆ ಹಾಗಲ್ಲ. ಅದನ್ನು ಕೇಜಿಗಟ್ಟಲೆ ತರಬೇಕು, ಸುಲಿಯಬೇಕು, ನೆನೆಹಾಕಬೇಕು, ನೆನೆದ ಒಂದೊಂದು ಕಾಳನ್ನೂ ಬೆರಳ ನಡುವೆ ಹಿಡಿದು ಹಿತುಕಿ ಬೇಳೆ ಬಿಡಿಸಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ ಅದು. ಸಾಲದ್ದಕ್ಕೆ ಸುಲಿದ ಸಿಪ್ಪೆಯನ್ನು ಮನೆ ಮುಂದಿನ ಬೀದಿಗೆ ಸುರಿಯಬೇಕು. ಜನ ತುಳಿದಷ್ಟೂ ಮುಂದಿನ ವರ್ಷದ ಕಾಯಿಗೆ ಸೊಗಡು ಜಾಸ್ತಿ ಅಂತ ಯಡಿಯೂರಿನ ಹಳಬರ ನಂಬಿಕೆ. ಮನೆ ಮುಂದೆ ಬಿದ್ದ ಗುಡ್ಡೆ ನೋಡಿಯೇ ಒಳಗೆ ಎಷ್ಟು ಬಾಯಿ ಇದೆ ಅಂತ ಹೇಳಿಬಿಡುತ್ತಿದ್ದ ಕಾಲ ಒಂದಿತ್ತು.

ಕೆಂಪರಾಜು ಈಗ ಆ ಬೀದಿಯಲ್ಲಿ ಒಂಟಿ. ವಯಸ್ಸು ಐವತ್ತರ ಆಸುಪಾಸು. ತಾತ ಚಿಕ್ಕಬೈರಪ್ಪ ರಾಗಿ, ಅವರೆ ಬೆಳೆದ ಹೊಲ ಹೋಗಿ ಬಡಾವಣೆಯಾಗಿ, ಕೆರೆಯ ಕಡೆಗೆ ಉಳಿದ ಮನೆಯ ಜಾಗದಲ್ಲಿ ಅಪ್ಪ ಮೂರು ಅಂತಸ್ತು ಎಬ್ಬಿಸಿದ್ದರು. ಮೇಲಿನ ಎರಡು ಬಾಡಿಗೆಗೆ, ಕೆಳಗೆ ಕೆಂಪರಾಜು. ಮದುವೆ ಆಗಲಿಲ್ಲ. ಆಗಬಾರದು ಅಂತೇನೂ ಇರಲಿಲ್ಲ. ಮೊದಲು ಅಪ್ಪನ ಕಾಯಿಲೆ, ಆಮೇಲೆ ಅಮ್ಮನ ಕಾಯಿಲೆ, ನಡುನಡುವೆ ಬಂದ ಹೆಣ್ಣಿನ ಕಡೆಯವರು ಕಾಫಿ ಕುಡಿದು ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದ ಹಾಗೆ ಮುಖ ಮಾಡಿಕೊಂಡು ಹೋದರು. ಅಮ್ಮ ಸೊಣ್ಣಮ್ಮನಿಗೆ ಲಕ್ವ ಹೊಡೆದ ಮೇಲೆ ಯಾರೂ ಬರಲೂ ಇಲ್ಲ, ಇವನು ಕರೆಯಲೂ ಇಲ್ಲ. ಆಕೆ ನಾಲ್ಕು ವರ್ಷ ಮಲಗಿದ್ದಲ್ಲೇ ಇದ್ದು, ಒಂದೂವರೆ ವರ್ಷದ ಹಿಂದೆ ಶ್ರಾವಣದಲ್ಲಿ ತೀರಿಕೊಂಡಳು. ವರ್ಷದ ತಿಥಿಯೂ ಆಗಿಹೋಗಿತ್ತು.

ಇವನಿಗೆ ಉಳಿದಿದ್ದವಳು ಒಬ್ಬಳೇ ಅಕ್ಕ, ಅಕ್ಕಯಮ್ಮ. ಬೇಗೂರಿಗೆ ಕೊಟ್ಟಿದ್ದರು. ತಿಥಿ ಮುಗಿದಾಗಿನಿಂದ ಅವಳದು ಒಂದೇ ರಾಗ: "ಆ ಮನೆ ಪೂರ್ತಿ ಬಾಡಿಗೆಗೆ ಕೊಟ್ಟುಬಿಡು. ನಮ್ಮನೆ ಮೇಲೆ ರೂಮ್ ಖಾಲಿ ಇದೆ, ಬಂದು ಇರು." ಇವನದೂ ಒಂದೇ ಉತ್ತರ: "ನಾನು ಫಸ್ಟ್ ಕ್ಲಾಸಾಗಿದ್ದೀನಿ ಕಣಕ್ಕ." ಹಾಗೆ ಹೇಳುವಾಗ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ, ಫೋನಿನಲ್ಲಿ ಮುಖ ಕಾಣುತ್ತದೇನೋ ಅನ್ನುವ ಹಾಗೆ. ಕೊನೆಗೆ ಅಕ್ಕ ಗಡುವು ಕೊಟ್ಟಳು. "ಸಂಕ್ರಾಂತಿಯೊಳಗೆ ಹೇಳ್ಬುಡು. ಇಲ್ಲಾಂದ್ರೆ ನಾನೇ ಬಂದು ಪೆಟ್ಟಿಗೆ ಕಟ್ತೀನಿ."

ಫಸ್ಟ್ ಕ್ಲಾಸು ಅನ್ನುವುದು ಪೂರಾ ಸುಳ್ಳೂ ಅಲ್ಲ. ಕೆಂಪರಾಜುವಿನ ಹತ್ತಿರ ಒಂದು ಮದ್ದಿತ್ತು. ಮನಸ್ಸು ಕುಸಿದಾಗ ಅವನು ಒಂದು ಸಂಜೆಯನ್ನು ನೆನೆಸಿಕೊಳ್ಳುತ್ತಿದ್ದ. ಅವನು ಏಳು ವರ್ಷದವನಿದ್ದಾಗಿನ ಸಂಜೆ ಅದು. ಸಂಕ್ರಾಂತಿಗೆ ಮುಂಚೆ, ಹಳೇ ಹಂಚಿನ ಮನೆಯ ನಡುಮನೆ. ಕರೆಂಟು ಹೋಗಿ ಲಾಟೀನು ಹಚ್ಚಿದ್ದರು. ನಡುವೆ ದೊಡ್ಡ ಬೋಗುಣಿ, ಅದರ ಸುತ್ತ ಮನೆಯವರೆಲ್ಲ ಕೂತು ಅವರೆ ಹಿತುಕುತ್ತಿದ್ದಾರೆ. ಕಂಬಕ್ಕೆ ಒರಗಿ ತಾತ, ಪಕ್ಕದಲ್ಲಿ ಅಜ್ಜಿ ಕೆಂಚವ್ವ, ಆಮೇಲೆ ಅಪ್ಪ, ಸಿನಿಮಾ ಕಥೆ ಹೇಳುತ್ತಾ ಶಿವರಾಮ್ ಚಿಕ್ಕಪ್ಪ, ಅಮ್ಮ, ಅಕ್ಕ. ಇವನು ಹೊಸಿಲ ಮೇಲೆ ಕೂತು ನೋಡುತ್ತಿದ್ದಾನೆ. ತಾತ ಬಾಯಿ ತೆರೆದು ದೊಡ್ಡದಾಗಿ ಆಕಳಿಸುವುದಕ್ಕೂ, ಶಿವರಾಮ್ ಚಿಕ್ಕಪ್ಪನ ಬೆರಳಿಂದ ಒಂದು ಬೇಳೆ ಪುಟಿದು ಹಾರುವುದಕ್ಕೂ ಸರಿಹೋಯಿತು. ಬೇಳೆ ನೆಟ್ಟಗೆ ತಾತನ ಗಂಟಲಿಗೆ. ಊರ ಪಂಚಾಯ್ತಿಯಲ್ಲಿ ಹುಲಿಯಂತೆ ಗುಡುಗುತ್ತಿದ್ದ ಮುದುಕ ಗುಳುಕ್ಕನೆ ನುಂಗಿ, ಏನಾಯಿತೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟ. ನಡುಮನೆಗೆ ನಡುಮನೆಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ನಕ್ಕು ಸುಸ್ತಾಗಿ ನಿಲ್ಲಿಸಿದ ಮೇಲೂ ಒಬ್ಬರ ನಗು ಮಾತ್ರ ನಿಲ್ಲಲಿಲ್ಲ. ಕೇ ಕೇ ಅಂತ ಎಳೆದುಕೊಂಡು, ಉಸಿರು ಸಿಕ್ಕಿಹಾಕಿಕೊಂಡು, ಮತ್ತೆ ಶುರುವಾಗಿ. ಆ ನಗು ಕೇಳಿ ಮತ್ತೊಂದು ಸಲ ಎಲ್ಲರೂ ನಕ್ಕರು. ಕೊನೆಗೆ ತಾತನೂ.

ಅಷ್ಟೇ. ಇಷ್ಟು ಸಣ್ಣ ಸಂಗತಿಯನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಬದುಕುವುದುಂಟೇ ಅಂತ ನೀವು ಕೇಳಬಹುದು. ಉಂಟು. ಅಪ್ಪನ ಹೆಣವನ್ನು ಕೊಡಲು ಆಸ್ಪತ್ರೆಯವರು ಸತಾಯಿಸಿದ ದಿನ ಅವನನ್ನು ನಿಲ್ಲಿಸಿದ್ದು ಅದೇ. ನಡು ನೋವು ಬಂದು ಎದ್ದೇಳಲಾಗದೆ ಮಲಗಿದಾಗ ಎಬ್ಬಿಸಿದ್ದೂ ಅದೇ.

ಅಮ್ಮನಿಗೂ ಆ ಸಂಜೆ ಬೇಕಿತ್ತು. ಲಕ್ವ ಬಾಯನ್ನು ಎಳೆದುಕೊಂಡ ಮೇಲೆ ಅವಳಿಗೆ ಉಳಿದಿದ್ದು ಬೆರಳಲ್ಲಿ ಎಣಿಸುವಷ್ಟು ಮಾತು. ಅದರಲ್ಲಿ ಎರಡು, "ಅವರೆ" ಮತ್ತು "ಆಮೇಲೆ". ಕಾಲವಲ್ಲದ ಕಾಲದಲ್ಲಿ ಅವರೆ ಕೇಳುತ್ತಿದ್ದಾಳೆ ಅಂತ ಮೊದಮೊದಲು ಅವನು ಪೇಚಾಡಿದ. ಆಮೇಲೆ ಅರ್ಥವಾಯಿತು, ಅವಳಿಗೆ ಬೇಕಾದದ್ದು ಕಾಯಿಯಲ್ಲ, ಕಥೆ. ಪ್ರತಿ ಸಂಜೆ ಗಂಜಿ ಕುಡಿಸುತ್ತಾ ಹೇಳುತ್ತಿದ್ದ. ಬೇಳೆ ತಾತನ ಬಾಯಿಗೆ ಬಿದ್ದಲ್ಲಿಗೆ ಅವನ ಕಥೆ ಮುಗಿಯುತ್ತಿತ್ತು. ಅಮ್ಮ ಬಿಡುತ್ತಿರಲಿಲ್ಲ. "ಆಮೇಲೆ?" ಅನ್ನುತ್ತಿದ್ದಳು. "ಆಮೇಲೇನು, ಎಲ್ಲರೂ ನಕ್ಕರು. ಯಾರೋ ಒಬ್ರು ನಗ್ತಾನೇ ಇದ್ರು," ಅಂದು ಅವನು ಅವಳ ಬಾಯಿ ಒರೆಸಿ, ಮಾತ್ರೆ ಕೊಡಲು ಗಡಿಯಾರ ನೋಡುತ್ತಿದ್ದ. ಅಮ್ಮ ಅವನ ಮುಖವನ್ನೇ ನೋಡುತ್ತಾ ಇರುತ್ತಿದ್ದಳು. ನೆಟ್ಟಗಿದ್ದ ಅರ್ಧ ಬಾಯಿಯಲ್ಲಿ ನಗಲು ನೋಡಿ, ಸ್ವಲ್ಪ ಹೊತ್ತು ಕಾದು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಈ ಮದ್ದಿಗೆ ಹುಳ ಬಿದ್ದದ್ದು ಹೋದ ತಿಂಗಳು, ಜಯನಗರದ ಒಂದು ದರ್ಶಿನಿಯಲ್ಲಿ. ಪಕ್ಕದ ಮೇಜಿನಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ನಿಂತು ಒಂದೇ ತಟ್ಟೆಯ ವಡೆಗೆ ಕಿತ್ತಾಡುತ್ತಿದ್ದರು. ಕೆಂಪರಾಜು ಒಬ್ಬನೇ ಕಾಫಿ ಲೋಟ ಹಿಡಿದು ನಿಂತಿದ್ದ. ಅವರ ಕಿತ್ತಾಟ ನೋಡುತ್ತಾ ಎಂದಿನ ಹಾಗೆ ಆ ಸಂಜೆಯನ್ನು ಹೊರಗೆ ತೆಗೆದ. ಕಂಬ, ತಾತ, ಅಜ್ಜಿ, ಅಪ್ಪ, ಚಿಕ್ಕಪ್ಪ, ಅಮ್ಮ, ಅಕ್ಕ. ಬೇಳೆ ಹಾರಿತು. ನಗು ಬಂತು. ಆ ನಿಲ್ಲದ ನಗು ಶುರುವಾಯಿತು. ಅದು ಯಾರು ಅಂತ ಮೊದಲ ಸಲ ತಿರುಗಿ ನೋಡಿದ. ಅಮ್ಮನಿಗೂ ಅಕ್ಕನಿಗೂ ನಡುವೆ ಒಂದು ಜಾಗ ಇತ್ತು. ನಗು ಬರುತ್ತಿದ್ದದ್ದು ಅಲ್ಲಿಂದಲೇ. ಆದರೆ ಅಲ್ಲಿ ಮುಖವೇ ಇರಲಿಲ್ಲ, ಬರೀ ಕತ್ತಲೆ.

ಕಾಫಿ ಆರಿಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ. ಅತ್ತೆ ಇರಬಹುದೇ? ಆ ವರ್ಷ ಅತ್ತೆ ಬಾಣಂತನಕ್ಕೆ ಬಂದಿರಲಿಲ್ಲ. ಹಾಲಿನವಳೇ? ಅವಳು ನಡುಮನೆಗೆ ಬರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ನಕ್ಕವರನ್ನು, ಇಷ್ಟು ವರ್ಷ ತನ್ನನ್ನು ಸಾಕಿದ ನಗುವನ್ನು, ಮರೆತುಬಿಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಈವತ್ತು ಈ ಮುಖ ಹೋಯಿತು, ನಾಳೆ ಅಜ್ಜಿಯ ಮುಖ ಹೋಗುತ್ತದೆ, ನಾಡಿದ್ದು ಅಮ್ಮನದು. ಆಮೇಲೆ ಬೋಗುಣಿ ಒಂದೇ ಉಳಿಯುತ್ತದೆ. ಆಗ ಅಕ್ಕನ ಮನೆ ಮಾಳಿಗೆಯ ರೂಮಾದರೇನು, ಯಾವುದಾದರೇನು? ನೆನೆಸಿಕೊಂಡಷ್ಟೂ ಆ ಜಾಗದ ಕತ್ತಲೆ ದೊಡ್ಡದಾಗುತ್ತಾ ಹೋಯಿತು. ಮದ್ದು ಕುಡಿದರೆ ಕಾಯಿಲೆ ಬರುವಂತಾಯಿತು.

ಅಕ್ಕನನ್ನು ಕೇಳಿದರೆ ಮುಗಿದುಹೋಗುತ್ತಿತ್ತು. ಆ ವೃತ್ತದಲ್ಲಿ ಬದುಕಿ ಉಳಿದವಳು ಅವಳೊಬ್ಬಳೇ. ಆದರೆ ಕೇಳುವುದು ಹೇಗೆ? ಐವತ್ತು ವರ್ಷದ ಗಂಡಸು ಫೋನು ಮಾಡಿ, "ಅಕ್ಕ, ಚಿಕ್ಕಂದಿನಲ್ಲಿ ಅವರೆ ಹಿತುಕುವಾಗ ಯಾರು ನಕ್ಕಿದ್ದು?" ಅಂದರೆ ಅವಳಿಗೆ ಎಲ್ಲ ಅರ್ಥವಾಗಿಬಿಡುತ್ತದೆ. ಫಸ್ಟ್ ಕ್ಲಾಸಿನ ಬಂಡವಾಳ ಬಯಲಾಗುತ್ತದೆ. ಸಂಕ್ರಾಂತಿಯವರೆಗೂ ಕಾಯದೆ ಆಟೋ ಹತ್ತಿ ಬಂದು ಪೆಟ್ಟಿಗೆ ಕಟ್ಟುತ್ತಾಳೆ.

ಹಬ್ಬಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಕೆಂಪರಾಜು ಒಂದು ಉಪಾಯ ಮಾಡಿದ. ತಲೆ ಮರೆತದ್ದನ್ನು ಕೈ ಮರೆತಿರುವುದಿಲ್ಲ, ಕೈಗೆ ಕೆಲಸ ಕೊಟ್ಟರೆ ಮುಖ ತಾನಾಗಿ ಬರಬಹುದು ಅಂದುಕೊಂಡ. ಪ್ರತಿ ವರ್ಷ ಹಿತುಕಿದ ಬೇಳೆಯನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಅಷ್ಟೋ ಇಷ್ಟೋ ತರುತ್ತಿದ್ದವನು ಆವತ್ತು ಬೆಳಿಗ್ಗೆ ಬನಶಂಕರಿ ಮಾರ್ಕೆಟ್ಟಿಗೆ ಹೋಗಿ, ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಾಯಿ ಮುರಿದು ಮೂಸಿದ. ಸೊಗಡು ಕೈಗೆ ಅಂಟಿತು.

"ಮಾಗಡಿ ಕಾಯಿ ಅಣ್ಣ, ಇಬ್ಬನಿ ಬಿದ್ದಿರೋದು. ಎಷ್ಟು ಹಾಕ್ಲಿ? ಮನೇಲಿ ಎಷ್ಟು ಜನ?" ಅಂದಳು ಮಾರುವವಳು.

ಕೆಂಪರಾಜು ತಡವರಿಸಿದ. "ತುಂಬಾ ಜನ," ಅಂದುಬಿಟ್ಟ. ಆಡಿದ ಮೇಲೆ ಮುಗಿಯಿತು, ಅವಳು ತಕ್ಕಡಿಗೆ ಸುರಿದೇ ಸುರಿದಳು. ದೊಡ್ಡ ಚೀಲದ ತುಂಬ ಹೊತ್ತುಕೊಂಡು ಬಂದ.

ಬೆಳಿಗ್ಗೆಯೆಲ್ಲ ಬಾಗಿಲ ಮೆಟ್ಟಿಲ ಮೇಲೆ ಕೂತು ಸುಲಿದ. ಸಿಪ್ಪೆಯನ್ನು ಮೊರದಲ್ಲಿ ತುಂಬಿ ಬೀದಿಗೆ ಚೆಲ್ಲಿದ. ಮೇಲಿನ ಮನೆಯ ಲಿಖಿತಾ ಸ್ಕೂಟರ್ ತೆಗೆಯಲು ಬಂದವಳು ಗುಡ್ಡೆ ನೋಡಿ ನಿಂತಳು. ದಾವಣಗೆರೆ ಕಡೆಯ ಹುಡುಗಿ, ಬಂದು ಇನ್ನೂ ವರ್ಷ ಆಗಿರಲಿಲ್ಲ.

"ಅಂಕಲ್, ಕಸದ ಗಾಡಿ ಬರುತ್ತಲ್ಲ, ರೋಡಿಗ್ಯಾಕೆ ಹಾಕ್ತೀರಿ?"

"ತುಳೀಲಿ ಅಂತ ಕಣಮ್ಮ. ತುಳಿದಷ್ಟೂ ಬರೋ ವರ್ಷ ಸೊಗಡು."

"ಯಾವ ಹೊಲದಲ್ಲಿ ಅಂಕಲ್?" ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಾರು ನಿಂತಿದ್ದವು. ಕೆಂಪರಾಜು ಮೊರ ಕೊಡವಿದ.

"ಯಾವುದಾದ್ರೂ," ಅಂದ.

ಲಿಖಿತಾ ಒಳ್ಳೆಯ ಹುಡುಗಿ. ಸ್ಕೂಟರನ್ನು ಬೇಕಂತಲೇ ಸಿಪ್ಪೆಯ ಮೇಲೆ ಹತ್ತಿಸಿ, "ಆಯ್ತಾ?" ಎಂದು ನಕ್ಕು ಕೆಲಸಕ್ಕೆ ಹೋದಳು. ಬೀದಿ ಮತ್ತೆ ಖಾಲಿಯಾಯಿತು.

ಹೊತ್ತು ಇಳಿಯುವ ವೇಳೆಗೆ ಕಾಳು ನೆನೆದು ಉಬ್ಬಿದ್ದವು. ಅಟ್ಟದ ಮೇಲಿನ ಬೋಗುಣಿಯನ್ನೇ ಇಳಿಸಿದ, ಆ ಸಂಜೆಯದೇ ಬೋಗುಣಿ. ತೊಳೆದು ಕೋಣೆಯ ನಡುವೆ ಇಟ್ಟ. ಟಿ.ವಿ. ಆರಿಸಿದ. ಕೂತು ಮೊದಲ ಕಾಳು ಹಿತುಕಿದ. ಬೇಳೆ ಟಣ್ ಅಂತ ಬೋಗುಣಿಯ ತಳಕ್ಕೆ ಬಿತ್ತು. ಎರಡನೆಯದು ಟಣ್. ಆರು ಜನ ಕೂತು ಹಿತುಕುವಾಗ ಈ ಸದ್ದು ಯಾರಿಗೂ ಕೇಳಿರಲಿಲ್ಲ. ಅವನೊಬ್ಬನಿಗೆ ಈಗ ಪ್ರತಿಯೊಂದೂ ಕೇಳಿಸಿತು.

ಎದುರಿಗೆ ಗೋಡೆಯ ಮೇಲೆ ಅಮ್ಮನ ಫೋಟೋ. ಅದಕ್ಕೆ ಬೆನ್ನು ಹಾಕಿ ಕೂತರೆ ಸರಿಯಲ್ಲ, ಮುಖ ಹಾಕಿ ಕೂತರೆ ಅವಳು "ಆಮೇಲೆ?" ಅಂದ ಹಾಗಾಗುತ್ತದೆ. ಪಕ್ಕಕ್ಕೆ ತಿರುಗಿ ಕೂತ. ಬೆರಳ ತುದಿಗಳು ನೆನೆದು ಸುಕ್ಕಾದವು. ಬೋಗುಣಿಯ ತಳ ಮುಚ್ಚಿದಷ್ಟು ಬೇಳೆ ಆಯಿತು, ಹಿತುಕಬೇಕಾದ ಕಾಳು ಮಾತ್ರ ಬೆಟ್ಟದಂತೆ ಹಾಗೇ ಇತ್ತು. ಮುಖ ಬರಲಿಲ್ಲ. ಕಂಬ, ತಾತ, ಅಜ್ಜಿ, ಅಪ್ಪ, ಚಿಕ್ಕಪ್ಪ, ಅಮ್ಮ, ಕತ್ತಲೆ, ಅಕ್ಕ. ಮತ್ತೆ ಮತ್ತೆ ಅದೇ ಕತ್ತಲೆ. ಇಷ್ಟು ಕಾಳನ್ನು ಯಾರು ಹಿತುಕುವುದು, ಇಷ್ಟು ಸಾರನ್ನು ಯಾರು ಉಣ್ಣುವುದು ಅನ್ನಿಸಿ, ತನ್ನ ಮೇಲೆಯೇ ಹೇಸಿಗೆಯಾಗಿ, ಕೈಯಲ್ಲಿದ್ದ ಹಿಡಿ ಕಾಳನ್ನು ಬೋಗುಣಿಗೆ ಎಸೆದ. ಕೈ ಒರೆಸಿಕೊಂಡು ಅಕ್ಕನಿಗೆ ಫೋನು ಹಚ್ಚಿದ. ಬರುತ್ತೇನೆ, ಪೆಟ್ಟಿಗೆ ನಾನೇ ಕಟ್ಟುತ್ತೇನೆ ಅಂತ ಹೇಳಲೆಂದೇ ಹಚ್ಚಿದ್ದು.

"ಏನೋ ರಾಜು, ಈ ಹೊತ್ನಲ್ಲಿ? ಹುಷಾರಾಗಿದ್ದೀಯ ತಾನೇ?"

"ಅವರೆ ಹಿತುಕ್ತಾ ಇದ್ದೆ ಅಕ್ಕ."

"ಒಬ್ನೇನಾ?"

ಅವಳ ದನಿ ಅಲ್ಲಿಗೇ ಸಣ್ಣದಾಯಿತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಅಂತ ಕೆಂಪರಾಜುವಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಕೇಳುವುದು ಸುಲಭವಾಯಿತು.

"ಅಕ್ಕ, ಹಳೇ ಮನೇಲಿ ಒಂದ್ಸಲ ಕರೆಂಟ್ ಹೋಗಿತ್ತಲ್ಲ. ತಾತ ಆಕಳಿಸಿದಾಗ ಬೇಳೆ ಬಾಯೊಳಕ್ಕೆ ಹೋಯ್ತಲ್ಲ."

"ಅಯ್ಯೋ ಹೌದು ಕಣೋ! ಗುಳುಕ್ ಅಂತ ನುಂಗಿದ್ದು!"

"ಆವತ್ತು ಎಲ್ಲಾರೂ ನಿಲ್ಸಿದ ಮೇಲೂ ಒಬ್ರು ನಗ್ತಾನೇ ಇದ್ರು. ಅಮ್ಮಂಗೂ ನಿಂಗೂ ಮಧ್ಯ ಕೂತಿದ್ರು. ಯಾರದು?"



"ತಮಾಷೆ ಮಾಡ್ತಿದ್ದೀಯೇನೋ?"

"ಇಲ್ಲಕ್ಕ. ಒಂದು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೀನಿ. ಮುಖಾನೇ ಬರ್ತಿಲ್ಲ."

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ. ನೀನೇ ಕಣೋ ಅದು!"

"ನಾನು ಹೊಸಿಲ ಮೇಲೆ ಕೂತಿದ್ದೆ."

"ಹೊಸಿಲ ಮೇಲೆ ಯಾರು ಕೂರ್ಸ್ತಾರೋ ನಿನ್ನ, ಮೂರ್ಸಂಜೆ ಹೊತ್ನಲ್ಲಿ? ಅಜ್ಜಿ ಬಿಡ್ತಿದ್ಲಾ? ಅಮ್ಮನ ತೊಡೆಗೆ ಅಂಟ್ಕೊಂಡು ಕೂತಿದ್ದೆ. ನಾನೂ ಹಿತುಕ್ತೀನಿ ಅಂತ ರಂಪ ಮಾಡಿ ಒಂದು ಹಿಡಿ ಇಸ್ಕೊಂಡಿದ್ದೆ. ಆ ಬೇಳೆ ಹಾರ್ಸಿದ್ದೂ ನೀನೇ."

"ಚಿಕ್ಕಪ್ಪ ಅಲ್ವಾ?"

"ಚಿಕ್ಕಪ್ಪ ತನ್ನ ಮೇಲೆ ಹಾಕ್ಕೊಂಡ, ತಾತ ನಿಂಗೆ ಬಾರ್ಸ್ಬಾರ್ದು ಅಂತ. ಬಾರ್ಸೋದೇನು, ನಿನ್ ನಗು ನೋಡಿ ಆ ಮುದುಕಂಗೂ ನಗು ಬಂತು. ಕೇ ಕೇ ಅಂತ ನಕ್ಕೂ ನಕ್ಕೂ ಚಡ್ಡಿ ಒದ್ದೆ ಮಾಡ್ಕೊಂಡೆಯಲ್ಲೋ! ಅಮ್ಮ ಎತ್ಕೊಂಡು ಹಿತ್ಲಿಗೆ ಓಡಿದ್ಲು. ಅಲ್ಲಿ ಚಡ್ಡಿ ಬಿಚ್ಚುವಾಗ್ಲೂ ನಗ್ತಿದ್ದೆ. ಅಮ್ಮಾನೂ ನಗ್ತಾ ಕೂತ್ಬಿಟ್ಲು ಬಚ್ಚಲು ಕಲ್ಲಿನ ಮೇಲೆ."

ಕೆಂಪರಾಜು ಬೋಗುಣಿ ನೋಡುತ್ತಾ ಕೂತಿದ್ದ. ಒದ್ದೆ ಚಡ್ಡಿಯ ತಣ್ಣನೆ ತೊಡೆಗೆ ತಗುಲಿದ ಹಾಗಾಯಿತು. ಹಿತ್ತಿಲಿನ ಚಳಿ, ಅಮ್ಮನ ಸೆರಗಿನ ಅವರೆ ಸೊಗಡು, ಹೊಟ್ಟೆ ನೋಯುವಷ್ಟು ನಗು. ಹೊಸಿಲ ಮೇಲಿಂದ ನೋಡಿದ್ದಲ್ಲ, ಒಳಗಿನಿಂದ ಬಂದದ್ದು. ಗಂಟಲಲ್ಲಿ ಏನೋ ಕೆಮ್ಮಿನಂತೆ ಎದ್ದಿತು. ಅದು ಕೆಮ್ಮಲ್ಲ. ಕೇ ಎಂದಿತು. ಉಸಿರು ಸಿಕ್ಕಿಕೊಂಡಿತು. ಮತ್ತೆ ಕೇ ಕೇ ಎಂದಿತು. ತಡೆಯಲು ಹೋದಷ್ಟೂ ಜಾಸ್ತಿಯಾಯಿತು. ಕಣ್ಣಲ್ಲಿ ನೀರು ಬಂತು.

ಆ ಕಡೆ ಅಕ್ಕ ಮೊದಲು ನಕ್ಕಳು, ಆಮೇಲೆ ಮೂಗು ಸೀಟಿದ ಸದ್ದು ಬಂತು.

"ಇದೇ ಕಣೋ," ಅಂದಳು. "ಇದನ್ನ ಕೇಳಿ ಎಷ್ಟು ವರ್ಷ ಆಯ್ತೋ ರಾಜು. ಅಮ್ಮ ಹಾಸಿಗೆ ಹಿಡಿದಿದ್ದಾಗ ನಾನು ಬಂದಾಗ್ಲೆಲ್ಲ ನಿನ್ ಕಡೆ ಕೈ ತೋರ್ಸಿ, ಬಾಯಿ ಮುಟ್ಟಿ ತೋರ್ಸೋಳು. ನೀನು ಊಟ ಮಾಡ್ತಿಲ್ಲ ಅಂತಿದ್ದಾಳೇನೋ ಅಂತ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು ನೋಡು."

ಕೆಂಪರಾಜುವಿಗೂ ಗೊತ್ತಾಯಿತು. ಗೊತ್ತಾಗಿ ನಗು ಹಾಗೇ ನಿಂತುಹೋಯಿತು. ನಾಲ್ಕು ವರ್ಷ, ಪ್ರತಿ ಸಂಜೆ, ಗಂಜಿಯ ಬಟ್ಟಲ ಮುಂದೆ ಅಮ್ಮ "ಆಮೇಲೆ?" ಅಂದದ್ದು ಕಥೆಗಲ್ಲ. ಮಗ ಒಂದು ಸಲ ನಕ್ಕಾನು ಅಂತ ಕಾದಿದ್ದಳು. ಅವನು ಅವಳ ಬಾಯಿ ಒರೆಸಿ ಗಡಿಯಾರ ನೋಡಿದ್ದ.

"ರಾಜು, ಇದ್ದೀಯೇನೋ? ನಾನು ನಾಳೇನೇ ಬರ್ಲಾ?"

"ಬೇಡಕ್ಕ. ಹಬ್ಬಕ್ಕೆ ನಾನೇ ಬರ್ತೀನಿ, ಬೇಳೆ ತಗೊಂಡು. ಹಬ್ಬ ಮುಗಿಸ್ಕೊಂಡು ವಾಪಸ್ ಬರ್ತೀನಿ." ಆಮೇಲೆ ಸೇರಿಸಿದ, "ನಾನು ಫಸ್ಟ್ ಕ್ಲಾಸಾಗೇನೂ ಇಲ್ಲ ಅಕ್ಕ. ಆದ್ರೂ ಇಲ್ಲೇ ಇರ್ತೀನಿ."

ಅಕ್ಕ ವಾದ ಮಾಡಲಿಲ್ಲ. "ಉಪ್ಪು ಹಾಕ್ಬೇಡ, ಬೇಳೆ ಹಂಗೇ ತಾ," ಅಂದು ಫೋನಿಟ್ಟಳು.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಲಿಖಿತಾ, ಹೆಲ್ಮೆಟ್ ಇನ್ನೂ ಕೈಯಲ್ಲೇ ಇತ್ತು. "ಅಂಕಲ್, ಏನಾದ್ರೂ ಆಯ್ತಾ? ಅಳೋ ಸೌಂಡ್ ಕೇಳ್ತು."

"ಅಳು ಅಲ್ಲಮ್ಮ, ನಗ್ತಿದ್ದೆ."

ಅವಳು ಅವನ ಒದ್ದೆ ಕಣ್ಣು ನೋಡಿದಳು. ನಂಬಿದ ಹಾಗೆ ಕಾಣಲಿಲ್ಲ. ಈ ಮನೆಗೆ ಬಂದಾಗಿನಿಂದ ಅವಳು ಅವನ ನಗು ಕೇಳಿಯೇ ಇರಲಿಲ್ಲ, ಪಾಪ, ಹೇಗೆ ಗುರುತು ಸಿಗಬೇಕು? "ಏನಾದ್ರೂ ಬೇಕಿದ್ರೆ ಕೂಗಿ ಅಂಕಲ್," ಅಂದು ಮೆಟ್ಟಿಲು ಹತ್ತಿದಳು.

ಕೆಂಪರಾಜು ಬಾಗಿಲು ಹಾಕಿ ಬಂದು, ಈ ಸಲ ಅಮ್ಮನ ಫೋಟೋಗೆ ಎದುರಾಗಿ ಕೂತ. ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಒಂದು ಕಾಳು ಹಿತುಕಿದ, ಇನ್ನೊಂದು ಹಿತುಕಿದ. ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

"ಆವತ್ತು ಕರೆಂಟು ಹೋಗಿತ್ತು ಕಣಮ್ಮ," ಎಂದು ಶುರು ಮಾಡಿದ. ತಾತ ಕಂಬಕ್ಕೆ ಒರಗಿದ್ದು ಹೇಳಿದ. ಚಿಕ್ಕಪ್ಪನ ಸಿನಿಮಾ ಕಥೆ ಹೇಳಿದ. ನಿನ್ನ ತೊಡೆಗೆ ಅಂಟಿಕೊಂಡು ನಾನು ಕೂತಿದ್ದೆ ಎಂದು ಮೊದಲ ಸಲ ಹೇಳಿದ. ಬೇಳೆ ಹಾರಿ ತಾತನ ಬಾಯಿಗೆ ಬಿತ್ತು. ಅಲ್ಲಿಗೆ ಬಂದು ಎಂದಿನಂತೆ ನಿಂತ. ಯಾರೂ "ಆಮೇಲೆ?" ಅನ್ನಲಿಲ್ಲ. ಕೇಳಬೇಕಾದವಳು ಗೋಡೆಯ ಮೇಲಿದ್ದಳು.

"ಆಮೇಲೆ," ಅಂದ ಅವನೇ, "ನಾನು ನಕ್ಕೆ ಕಣಮ್ಮ."

ಅಂದು, ಅವಳ ಮುಖ ನೋಡುತ್ತಾ, ಗಡಿಯಾರದ ಕಡೆ ತಿರುಗದೆ ನಕ್ಕ. ಮಹಡಿಯ ಮೇಲೆ ಲಿಖಿತಾಳ ಓಡಾಟ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ಶುರುವಾಯಿತು.